ಎಲೆನ್‌ಷಾ ತುಕಡಿಯ ನಾಲ್ಕನೇ ನಂಬರು

ಕೆನಾಲ್ ರಸ್ತೆ, ಎಲೆನ್‌ಷಾ
6 ನವೆಂಬರ್ 1966

ಪ್ರೀತಿಯ ಮ್ಯಾಜ್,

ನೀನೂ ಮಕ್ಕಳೂ ಮೊಮ್ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದಾಗ ಹಿತ್ತಲಿನ ಗುಲಾಬಿ ಮೊಗ್ಗು ಬಿಟ್ಟಿತ್ತು, ಈಗ ಗಿಡದಲ್ಲಿ ಮುಳ್ಳು ಬಿಟ್ಟರೆ ಏನೂ ಉಳಿದಿಲ್ಲ. ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಮನಸಾರೆ ಬೈದುಕೋ. ಕೆನಡಾದಿಂದ ಟ್ರಂಕ್ ಕಾಲ್ ಮಾಡಿ ಬೈಯುವಷ್ಟು ಧಾರಾಳಿ ನೀನಲ್ಲ ಎನ್ನುವ ಧೈರ್ಯ ನನಗಿದೆ.

ನನ್ನ ಮೊಣಕಾಲು ಮೊದಲಿನಂತೆಯೇ ಇದೆ, ಅಂದರೆ ಕೆಟ್ಟದಾಗಿದೆ. ಮೇ ತಿಂಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸದಿಂದ ನಿವೃತ್ತಿಯಾದೆ. ಒಂದು ಗಡಿಯಾರ ಕೊಟ್ಟು ಕಳಿಸಿದರು. ಇನ್ನು ಮೇಲೆ ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋಗಬೇಕಾಗಿಲ್ಲದವಳಿಗೆ ಗಡಿಯಾರ ಯಾಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನಿನ್ನೆ ನವೆಂಬರ್ ಐದರ ಹಬ್ಬ, ಊರೆಲ್ಲ ಪಟಾಕಿ, ಬೆಂಕಿ. ಪಕ್ಕದ ಮನೆಯ ಮಕ್ಕಳಿಗೆಂದು ಪಾರ್ಕಿನ್ ಕೇಕ್ ಮಾಡಿದ್ದೆ. ನೀನಿದ್ದಿದ್ದರೆ ಕಾಕಂಬಿ ಸಾಲದು ಎಂದು ಮೂಗು ಮುರಿಯುತ್ತಿದ್ದೆ, ಆಮೇಲೆ ಮೂರು ತುಂಡು ತಿನ್ನುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸಿಗ್ನಲ್ ತುಕಡಿಯನ್ನು ಮುಚ್ಚುತ್ತಿದ್ದಾರೆ. ವಾರಕ್ಕೊಂದು ಸಂಜೆಯ ನಮ್ಮಂಥವರ ಮೀಸಲು ಸೈನ್ಯವನ್ನೇ ಕತ್ತರಿಸಿ ಚಿಕ್ಕದು ಮಾಡುತ್ತಾರಂತೆ, ಲಂಡನ್ನಿನಿಂದ ಅಪ್ಪಣೆ ಬಂದಿದೆ. ಮಾರ್ಚ್ ಕೊನೆಗೆ ಕವಾಯತು ನಡೆಯುವ ಡ್ರಿಲ್ ಹಾಲಿಗೆ ಬೀಗ. ಯಾರಿಗೆ ಇಷ್ಟವೋ ಅವರು ಏಪ್ರಿಲ್ ಒಂದರಿಂದ ಮಾಸ್‌ಬರಿಯ ತುಕಡಿಗೆ ಸೇರಿಕೊಳ್ಳಬಹುದು. ನಮ್ಮವರು ಮಾಸ್‌ಬರಿಯವರ ಕೈಕೆಳಗೆ ಕೆಲಸ ಮಾಡುವುದೆಂದರೆ ಏನು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ದಿನ ನೋಡಿಯೇ ಏಪ್ರಿಲ್ ಒಂದನ್ನು ಇಟ್ಟಿದ್ದಾರೆ ಎನ್ನುತ್ತಾನೆ ನಮ್ಮ ಸಾರ್ಜೆಂಟ್ ಸೆತ್ ಆಗ್ಡನ್.

ತುಕಡಿಯ ಮುಖ್ಯಸ್ಥರು ಮೇಜರ್ ವಿಟ್ವೆಲ್ ಹೋದ ತಿಂಗಳು ಮನೆಗೆ ಬಂದಿದ್ದರು. ಹಗಲು ಬ್ಯಾಂಕ್ ಮ್ಯಾನೇಜರ್ ಆಗಿರುವುದರಿಂದಲೋ ಏನೋ, ಸಾಲ ಕೇಳಲು ಬಂದವರ ಸಂಕೋಚ ಹೇಗಿರುತ್ತದೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಹಾಗೇ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು.

"ಮಿಸೆಸ್ ಥಾರ್ಪ್, ತುಕಡಿ ಹುಟ್ಟಿದಾಗಿಂದ ಇವತ್ತಿನವರೆಗಿನ ಇತಿಹಾಸ ಬರೀಬೇಕು. ಮುಚ್ಚೋ ದಿನ ಎಲ್ಲರ ಕೈಗೂ ಒಂದೊಂದು ಪುಸ್ತಕ ಕೊಡೋಣ ಅಂತ."

"ನಿಮ್ಮಲ್ಲಿ ಓದಿದವರು ಯಾರೂ ಇಲ್ವಾ?"

"ಇದ್ದಾರೆ. ಅವರಿಗೆ ಏನೂ ನೆನಪಿಲ್ಲ. ನೆನಪಿರೋರಿಗೆ ಬರೆಯೋಕೆ ಕೂತ್ರೆ ನಿದ್ದೆ ಬರುತ್ತೆ."

ಅವರ ಎದುರಿಗೇ ನಾರ್ಮನ್‌ನ ಫೋಟೋ ಇತ್ತು, ಸಮವಸ್ತ್ರದಲ್ಲಿ ತೆಗೆಸಿದ್ದು, ನೀನು ಅವನ ಹುಟ್ಟುಹಬ್ಬಕ್ಕೆ ಕಳಿಸಿದ್ದೆಯಲ್ಲ ಆ ಚೌಕಟ್ಟಿನಲ್ಲಿ. ಮೇಜರ್ ಇಡೀ ಹೊತ್ತು ಅದರ ಪಕ್ಕದ ಗಡಿಯಾರವನ್ನೇ ನೋಡುತ್ತಿದ್ದರು. ಎರಡು ಸಲ ಹೊತ್ತಾಯಿತು ಎಂದರು. ನನ್ನ ಮಗನ ಹೆಸರು ಅವರ ಬಾಯಿಂದ ಬರಲಿಲ್ಲ. ನಾನು ಬರೆಯುತ್ತೇನೆ ಎಂದು ಒಪ್ಪಿಕೊಂಡೆ.

ಹೀಗೆ ಮತ್ತೆ ಮಂಗಳವಾರದ ಕವಾಯತಿಗೆ ಹೋಗಿ ಒಂದು ಬೆಂಚಿನ ಮೇಲೆ ಕೂತುಕೊಳ್ಳುವ ಹಾಗಾಯಿತು. ಅಲ್ಲಿ ವೈರ್‌ಲೆಸ್ ಸಾರ್ಜೆಂಟ್ ಆಗಿದ್ದವಳು ನಾನು, ನಾರ್ಮನ್ ಹೋದ ಮೇಲೆ ಆ ಬಾಗಿಲು ದಾಟಿರಲಿಲ್ಲ. ಒಳಗಿನ ವಾಸನೆ ಏನೂ ಬದಲಾಗಿಲ್ಲ, ನೆನೆದ ಉಣ್ಣೆ ಕೋಟು, ಬೂಟು ಪಾಲಿಶ್, ಹೊತ್ತಿದ ಚಹಾ. ಊರು ತಲೆಕೆಳಗಾಗುವ ಅದೇ ಹಳೇ ಆಟವೂ ನಡೆದಿದೆ. ಪೆಂಬರ್ಟನ್ ಸಾಹೇಬರು ಹಗಲು ಈ ಪ್ರಾಂತ್ಯದ ಟೆಲಿಫೋನ್ ಇಲಾಖೆಗೆಲ್ಲ ದೊಡ್ಡವರು. ಸೆತ್ ಅವರ ಕೈಕೆಳಗೆ ಗುಂಡಿ ತೋಡಿ ಕೇಬಲ್ ಹೂಳುವವನು. ಮಂಗಳವಾರ ಸಂಜೆ ಸೆತ್ ಸಾರ್ಜೆಂಟ್, ಸಾಹೇಬರು ಸಾದಾ ಸಿಗ್ನಲರ್.

"ಏ ಪೆಂಬರ್ಟನ್, ಆ ಬೂಟಿಗೆ ಪಾಲಿಶ್ ಹಾಕಿದೀಯೋ, ಬೆಕ್ಕಿನ ಕೈಲಿ ನೆಕ್ಸಿದೀಯೋ?"

"ಪಾಲಿಶ್ ಹಾಕಿದೀನಿ, ಸಾರ್ಜೆಂಟ್."

"ಹಾಗಾದ್ರೆ ಬೆಕ್ಕೇ ವಾಸಿ. ಮುಂದಿನ ವಾರ ಬೆಕ್ಕನ್ನ ಕಳಿಸು."

ಬುಧವಾರ ಬೆಳಗ್ಗೆ ಸೆತ್ ಅವರ ಮುಂದೆ ಟೋಪಿ ತೆಗೆದು ನಿಲ್ಲುತ್ತಾನೆ, ಸಾಹೇಬರು ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಇಬ್ಬರಿಗೂ ಇದರಿಂದ ಆರೋಗ್ಯ ಚೆನ್ನಾಗಿರುವಂತೆ ಕಾಣುತ್ತದೆ.

ಡ್ರಿಲ್ ಹಾಲಿನ ಗೋಡೆಯ ಮೇಲೆ ಮಡಿದವರ ಹೆಸರಿನ ಹಲಗೆ ಇದೆಯಲ್ಲ, ಅದರ ಎದುರಿಗೇ ನನ್ನ ಬೆಂಚು. ಹೋದ ಯುದ್ಧದಲ್ಲಿ ಸತ್ತ ನಮ್ಮವರ ಹೆಸರು ಅದರಲ್ಲಿದೆ. ನಾರ್ಮನ್‌ನದು ಇಲ್ಲ. ನೀನು ಊರು ಬಿಟ್ಟ ಮೇಲೆ ಆದದ್ದು ಇದು, ಆಗ ಕಾಗದದಲ್ಲಿ ಎರಡೇ ಸಾಲು ಬರೆದಿದ್ದೆ. ಐವತ್ತೊಂಬತ್ತರ ಫೆಬ್ರವರಿಯ ಆ ಭಾನುವಾರ ನಮ್ಮವರು ಬಯಲು ಗುಡ್ಡದ ಮೇಲೆ ತಂತಿ ಎಳೆಯುವ ಅಭ್ಯಾಸಕ್ಕೆ ಹೋಗಿದ್ದರು. ಒಂದು ಹೊಲಮನೆಯ ಮುದುಕಿ ಎಲ್ಲರಿಗೂ ಚಹಾ ಕೊಟ್ಟು, ಹಿಮ ಬಿದ್ದು ನಮ್ಮ ಫೋನು ಶುಕ್ರವಾರದಿಂದ ಸತ್ತುಹೋಗಿದೆ ಎಂದಳಂತೆ. ಸೈನ್ಯದ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ನನ್ನ ಮಗ ಸೋಮವಾರದಿಂದ ಶನಿವಾರದವರೆಗೆ ಇಲಾಖೆಯ ಲೈನ್‌ಮನ್. ಜೋತಾಡುವ ತಂತಿ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಸಮವಸ್ತ್ರದಲ್ಲೇ ಕಂಬ ಹತ್ತಿದ. ಇಳಿಯುವಾಗ ಮಂಜುಗಡ್ಡೆಗೆ ಕಾಲು ಜಾರಿತು. ನಾನು ಕೆಲಸದಲ್ಲಿದ್ದಾಗ ಮೇಜರೇ ಎಕ್ಸ್‌ಚೇಂಜಿಗೆ ಬಂದು ಹೇಳಿದರು.

ಅದು ಸೈನ್ಯದ ಕೆಲಸವಲ್ಲ, ಇಲಾಖೆಯ ತಂತಿ ಎಂದರು ಸೈನ್ಯದವರು. ಭಾನುವಾರ, ರಜೆ, ಸೈನ್ಯದ ಬಟ್ಟೆಯಲ್ಲಿದ್ದ ಎಂದರು ಇಲಾಖೆಯವರು. ಇಲಾಖೆಯ ಆ ಕಾಗದಕ್ಕೆ ಸಹಿ ಹಾಕಿದವರು ಪೆಂಬರ್ಟನ್ ಸಾಹೇಬರೇ. ನಿಯಮ ಹಾಗಿದ್ದರೆ ಅವರಾದರೂ ಏನು ಮಾಡಿಯಾರು. ಅದೇ ವರ್ಷದ ಕೊನೆಗೆ ಅವರು ಡ್ರಿಲ್ ಹಾಲಿಗೆ ಬಂದು, ಆ ವಯಸ್ಸಿನಲ್ಲಿ, ಸಾದಾ ಸಿಗ್ನಲರ್ ಆಗಿ ಸೇರಿಕೊಂಡರಂತೆ. ಯಾಕೆ ಎಂದು ಯಾರೂ ಕೇಳಿಲ್ಲ.

ಹಾಗಾಗಿ ಅವನ ಹೆಸರು ಇಲ್ಲಿಯ ಹಲಗೆಯಲ್ಲೂ ಇಲ್ಲ, ಇಲಾಖೆಯ ಹಲಗೆಯಲ್ಲೂ ಇಲ್ಲ. ನಿನ್ನ ಹತ್ತಿರ ಮುಚ್ಚಿಡುವುದೇನು, ಈ ಇತಿಹಾಸ ಬರೆಯಲು ನಾನು ಒಪ್ಪಿದ್ದು ಅದಕ್ಕೇ. ಆ ಪುಸ್ತಕದಲ್ಲಿ ನನ್ನ ಮಗ ಇರಬೇಕು. ಆದರೆ ಅಮ್ಮ ಬರೆದಳು, ಮಗನನ್ನು ಸೇರಿಸಿಕೊಂಡಳು ಎಂದಾಗಬಾರದು. ಅವರಾಗಿ ಹೇಳಬೇಕು, ನಾರ್ಮನ್ ಎಲ್ಲಿ ಎಂದು. ಇಲ್ಲಿಯವರೆಗೆ ಯಾರೂ ಕೇಳಿಲ್ಲ. ನಾನು ಒಳಗೆ ಬಂದರೆ ಮಾತು ತಗ್ಗಿಸುತ್ತಾರೆ, ಅಷ್ಟೇ.

ನಿನ್ನವಳೇ,
ಹೆಟ್ಟಿ

ಕೆನಾಲ್ ರಸ್ತೆ
29 ಜನವರಿ 1967

ಪ್ರೀತಿಯ ಮ್ಯಾಜ್,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಸಾಲ್ಮನ್ ಡಬ್ಬಿಗಳು ಬಂದವು. ಒಂದನ್ನು ಸೆತ್‌ಗೆ ಕೊಟ್ಟೆ, ಅವನ ಹೆಂಡತಿ ಅದನ್ನು ಇನ್ನೂ ತೆರೆಯದೆ ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾಳೆ. ಬಿಂಕ ಬಿಟ್ಟು ಬಾಯಿಬಿಟ್ಟು ಕೇಳಿಬಿಡು ಎಂದು ಬರೆದಿದ್ದೀಯ. ನೀನಾಗಿದ್ದರೆ ಕೇಳುತ್ತಿದ್ದೆ, ಮೇಜರ್ ಚಹಾ ಮುಗಿಸುವ ಮೊದಲೇ ಕೇಳುತ್ತಿದ್ದೆ. ನನಗೆ ಆಗುವುದಿಲ್ಲ. ನಾರ್ಮನ್‌ಗೆ ಹೆಸರಿಟ್ಟ ದಿನ ಅವನನ್ನು ಎತ್ತಿಕೊಂಡವಳು ನೀನು, ನಿನಗೆ ಹಕ್ಕಿದೆ ಎಂದು ಬೈಗುಳ ತಿಂದುಕೊಂಡಿದ್ದೇನೆ.

ಬರೆಯುವ ಕೆಲಸ ಮಾತ್ರ ಚೆನ್ನಾಗಿ ಸಾಗಿತು. ಮೊದಲ ಅಧ್ಯಾಯದಲ್ಲಿ ಹಾಲು ಮಾರುವವನ ಕುದುರೆ ಬರುತ್ತದೆ. ಮೊದಲ ಯುದ್ಧ ಮುಗಿದು ತುಕಡಿ ಶುರುವಾದಾಗ ಕೇಬಲ್ ಗಾಡಿ ಎಳೆಯಲು ಸೈನ್ಯ ಕುದುರೆ ಕೊಟ್ಟಿರಲಿಲ್ಲ, ಭಾನುವಾರಕ್ಕೆಂದು ಹಾಲಿನವನದನ್ನು ಬಾಡಿಗೆಗೆ ತರುತ್ತಿದ್ದರು. ಜನರಲ್ ನೋಡಲು ಬಂದ ದಿನ ಅದು ಮುಖ್ಯ ಬೀದಿಯಲ್ಲಿ ಹಾಲು ಹಾಕುವ ಪ್ರತಿ ಮನೆಯ ಮುಂದೂ ನಿಂತು ನಿಂತು ಹೋಯಿತಂತೆ. ಹೆಂಗಸರು ಚೊಂಬು ಹಿಡಿದು ಹೊರಗೆ ಬಂದರಂತೆ. ಇದನ್ನು ತೆಗೆದುಹಾಕಿ ಎಂದು ಮೇಜರ್ ಕೇಳಿಕೊಂಡರು. ತೆಗೆಯುವುದಿಲ್ಲ ಎಂದೆ.

ಮೂವತ್ತೊಂಬತ್ತರ ಸೆಪ್ಟೆಂಬರ್ ನಿನಗೆ ನೆನಪಿರಬೇಕು. ಎಲ್ಲರೂ ಕೂಡಲೇ ಡ್ರಿಲ್ ಹಾಲಿಗೆ ಬರತಕ್ಕದ್ದು ಎಂದು ಕರೆ ಬಂತು. ಎಕ್ಸ್‌ಚೇಂಜಿನ ಗಂಡಸರೆಲ್ಲ ತುಕಡಿಯವರೇ. ಕರೆ ಕೇಳುವ ಕಿವಿಯ ಯಂತ್ರ ಕಳಚಿಟ್ಟು, ಕೋಟು ಹಾಕಿಕೊಂಡು, ಕರ್ತವ್ಯಕ್ಕೆ ಹೊರಟೇಬಿಟ್ಟರು. ಪಕ್ಕದ ಮೂರು ಊರಿನ ತುಕಡಿಗಳಿಗೂ ಅದೇ ಕರೆ ನಮ್ಮ ಬೋರ್ಡಿನ ಮೂಲಕವೇ ಹೋಗಬೇಕಿತ್ತು, ಅದನ್ನು ದಾಟಿಸಲು ಒಂದು ನರಪಿಳ್ಳೆ ಇರಲಿಲ್ಲ. ಕರೆಗೊಂದರಂತೆ ಬೋರ್ಡಿನ ತುಂಬ ದೀಪ ಹೊತ್ತಿಕೊಂಡು ಉರಿಯುತ್ತಿತ್ತು, ನಮ್ಮ ವೀರರು ರಸ್ತೆಯಲ್ಲಿ ಎಡ ಬಲ ಹಾಕುತ್ತಿದ್ದರು. ಪಾಳಿ ಮುಗಿಸಿ ಮನೆಯಲ್ಲಿದ್ದ ನೀನು ತಲೆಗೆ ಸುರುಳಿ ಸುತ್ತಿಕೊಂಡೇ ಬೋರ್ಡಿಗೆ ಓಡಿಬಂದೆ, ನಾನು ಒಂದು ಕಾಲಿಗೆ ಮಾತ್ರ ಸ್ಟಾಕಿಂಗ್ಸ್ ಹಾಕಿಕೊಂಡು ಬಂದೆ. ಮಾಸ್‌ಬರಿಯವರನ್ನು ಯುದ್ಧಕ್ಕೆ ಕಳಿಸಿದವರು ನಾವಿಬ್ಬರು. ಅದನ್ನು ಹಾಗೇ ಬರೆದಿದ್ದೇನೆ. ಮಾಸ್‌ಬರಿಯವರಿಗೂ ಒಂದು ಪ್ರತಿ ಕಳಿಸಲೇಬೇಕು ಎಂದು ಸೆತ್ ಹಟ ಹಿಡಿದಿದ್ದಾನೆ.

ಮರುಭೂಮಿ, ಇಟಲಿ, ವಾಪಸು ಬಂದದ್ದು, ಎಲ್ಲ ಆಯಿತು. ಐವತ್ತರ ದಶಕಕ್ಕೆ ಬಂದಾಗ ಕೈ ನಿಂತಿತು. ಐವತ್ತೊಂಬತ್ತರ ಹಾಳೆಯಲ್ಲಿ ಆ ಬೇಸಿಗೆ ಶಿಬಿರ ಎಲ್ಲಿ ನಡೆಯಿತು, ಎಷ್ಟು ಕೆಸರಿತ್ತು ಎಂದಷ್ಟೇ ಬರೆದು ಕೆಳಗೆ ಅರ್ಧ ಪುಟ ಖಾಲಿ ಬಿಟ್ಟೆ. ಬೇಕೆಂದೇ ಬಿಟ್ಟೆ. ಮೇಜರ್, ಸೆತ್, ಪೆಂಬರ್ಟನ್ ಮೂವರೂ ಕೂತು ಓದಿದರು. ಹಾಲಿನವನ ಕುದುರೆ ಕರಿಯದೋ ಕಂದೋ ಎಂದು ಅರ್ಧ ಗಂಟೆ ಜಗಳವಾಡಿದರು. ಐವತ್ತೊಂಬತ್ತು ಬಂತು. ಮೇಜರ್ ಕನ್ನಡಕ ಒರೆಸಿಕೊಂಡರು. ಸೆತ್ ತನ್ನ ಬೂಟು ನೋಡಿಕೊಂಡ. ಪೆಂಬರ್ಟನ್ ಮಾತ್ರ ಆ ಖಾಲಿ ಜಾಗವನ್ನು ತುಂಬ ಹೊತ್ತು ನೋಡಿದರು. "ಬಹಳ ಚೆನ್ನಾಗಿ ಬಂದಿದೆ" ಎಂದು ಮೇಜರ್ ಹಾಳೆ ತಿರುಗಿಸಿಬಿಟ್ಟರು.

ಆ ದಿನ ಮನೆಗೆ ಬಂದು ಅಡುಗೆ ಮಾಡಲಿಲ್ಲ. ಮರೆತಿದ್ದಾರೆ ಎಂದುಕೊಂಡೆ. ಮರೆತಿದ್ದರೂ ಒಂದು ತರ, ಬೇಡವಾಗಿದ್ದಾನೆ ಎಂದುಕೊಂಡೆ. ಹಸಿವಾಗಲಿಲ್ಲ, ಸಿಟ್ಟೇ ಹೊಟ್ಟೆ ತುಂಬಿಸಿತು.

ಮುಂದಿನ ಮಂಗಳವಾರ ವೈರ್‌ಲೆಸ್ ಅಭ್ಯಾಸ. ತಂತಿ ಎಳೆಯುವ ತಂಡಗಳೆಲ್ಲ ಊರಿನ ಒಂದೊಂದು ಮೂಲೆಗೆ ಹೋಗಿ ನಿಂತಿದ್ದವು. ಡ್ರಿಲ್ ಹಾಲಿನಿಂದ ಹುಡುಗಿಯೊಬ್ಬಳು ಕ್ರಮವಾಗಿ ಕರೆದಳು. ಒಂದು, ಕೇಳುತ್ತಿದೆಯೇ. ಎರಡು. ಮೂರು. ಐದು. ಆರು. ನನ್ನ ಕಿವಿ ಮುಗ್ಗರಿಸಿತು. ಆ ಕುರ್ಚಿಯಲ್ಲಿ ಕೂತು ನಾನೇ ಎಷ್ಟು ವರ್ಷ ಹಾಗೆ ಕರೆದಿಲ್ಲ. ನಾಲ್ಕನೆಯದು ನಾರ್ಮನ್‌ನ ತಂಡ. ಬೇರೆಯವರೆಲ್ಲ ಕೇಳುತ್ತಿದೆ ಎಂದಷ್ಟೇ ಹೇಳಿದರೆ ಅವನು, "ನಾಲ್ಕು, ಚೆನ್ನಾಗಿ ಕೇಳ್ತಿದೆ, ಚಹಾ ಮಾತ್ರ ಬಂದಿಲ್ಲ" ಎನ್ನುತ್ತಿದ್ದ. ನಿಯಮ ಮುರಿದೆ ಎಂದು ನಾನು ಅವನ ಮೇಲೆ ವರದಿ ಬರೆದಿದ್ದೂ ಉಂಟು.

ಸೆತ್ ವಾಪಸು ಬಂದು ಕೇಬಲ್ ಸುತ್ತುತ್ತಿದ್ದ. ಹತ್ತಿರ ಹೋಗಿ ಕೇಳಿದೆ.

"ಸೆತ್, ನಾಲ್ಕು ಎಲ್ಲಿ ಹೋಯ್ತು?"

"ನಾಲ್ಕು ಇಲ್ಲ, ಸಾರ್ಜೆಂಟಮ್ಮಾ."

"ಇಲ್ಲ ಅಂದ್ರೆ? ಜನ ಸಾಲ್ತಿಲ್ವಾ?"

"ಜನ ಇದ್ದಾರೆ. ನಂಬರು ಕೊಟ್ಟಿಲ್ಲ. ಅವತ್ತಿಂದ ಯಾರಿಗೂ ಕೊಟ್ಟಿಲ್ಲ." ಕೇಬಲ್ ಸುತ್ತುವುದನ್ನು ಅವನು ನಿಲ್ಲಿಸಲಿಲ್ಲ. "ಹೊಸಬರು ಬಂದ್ರೆ ಮೊದ್ಲು ಹೇಳೋದೇ ಅದು, ಇಲ್ಲಿ ನಾಲ್ಕು ಅಂತ ಬಾಯಲ್ಲಿ ಬರಕೂಡದು. ಗೌರವಕ್ಕೆ ಅಂತ. ನೀವು ಯಾವತ್ತಾದ್ರೂ ವಾಪಸ್ ಬಂದ್ರೆ ಆ ನಂಬರು ನಿಮ್ಮ ಕಿವಿಗೆ ಬೀಳಬಾರ್ದು ಅಂತಾನೂ."

ಮ್ಯಾಜ್, ನಾನು ಅಲ್ಲೇ ಇದ್ದ ಇನ್ನೊಂದು ಕೇಬಲ್ ಉರುಳೆಯ ಮೇಲೆ ಕೂತುಬಿಟ್ಟೆ. ಇವರು ಮರೆತಿರಲಿಲ್ಲ. ಇಷ್ಟು ವರ್ಷ, ಪ್ರತಿ ಮಂಗಳವಾರ, ಇಷ್ಟೊಂದು ಗಂಡಸರು ಮೂರಾದ ಮೇಲೆ ಐದು ಎಂದು ಎಣಿಸಿದ್ದಾರೆ. ನನಗೆ ಅಳು ಬರಬೇಕಿತ್ತು, ಬಂದದ್ದು ಕೋಪ. ನನಗೆ ಬೇಕಾಗಿದ್ದು ಅದಲ್ಲ. ಯಾರಾದರೂ ಒಬ್ಬ ಬಾಯಿಬಡುಕನಿಗೆ ಆ ನಂಬರು ಕೊಟ್ಟು, ವಾರವಾರವೂ ಊರಿಗೆಲ್ಲ ಕೇಳುವಂತೆ ಕೂಗಿಸಿದ್ದರೆ ನಾನು ಈ ಬಾಗಿಲಿಗೆ ಯಾವಾಗಲೋ ಬರುತ್ತಿದ್ದೆ. ನನ್ನ ಮಗ ಸದ್ದು ಮಾಡುತ್ತಿದ್ದವನು. ಅವನ ಜಾಗದಲ್ಲಿ ಇವರು ಮೌನ ತುಂಬಿಸಿಟ್ಟಿದ್ದಾರೆ, ನನಗಾಗಿ ಎಂದು.

"ಕೊಡು ಸೆತ್. ಆ ನಂಬರು ಯಾರಿಗಾದ್ರೂ ಕೊಡು," ಎಂದೆ.

"ಇನ್ನೇನು ಕೇಳಿ, ಮಾಡ್ತೀನಿ. ಅದೊಂದು ನನ್ನ ಕೈಲಾಗಲ್ಲ."

"ನಾನು ಅವನ ತಾಯಿ. ನಾನೇ ಹೇಳ್ತಿದೀನಿ."

"ನಾನು ಅವನ ಸಾರ್ಜೆಂಟು," ಎಂದ ಸೆತ್. ಕೇಬಲ್ ಉರುಳೆ ಹೆಗಲಿಗೇರಿಸಿಕೊಂಡು ಅಂಗಳಕ್ಕೆ ಹೊರಟುಹೋದ. ಅವನು ಅತ್ತದ್ದನ್ನು ನಾನು ನೋಡಿಲ್ಲ, ಆದರೆ ಆ ಉರುಳೆಯನ್ನು ಇಡಬೇಕಾದದ್ದು ಅಂಗಳದಲ್ಲಲ್ಲ.

ಅಂದಿನಿಂದ ನಾವಿಬ್ಬರೂ ಮಾತಾಡಿಲ್ಲ. ಸಾಲ್ಮನ್ ಡಬ್ಬಿ ಕಪಾಟಿನಲ್ಲೇ ಇದೆ.

ಹೆಟ್ಟಿ

ಕೆನಾಲ್ ರಸ್ತೆ
9 ಏಪ್ರಿಲ್ 1967

ಪ್ರೀತಿಯ ಮ್ಯಾಜ್,

ಮತ್ತೆ ತಡವಾಯಿತು, ಈ ಸಲ ನೆಪ ಹೇಳುವುದಿಲ್ಲ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಬರೆಯೋಣ ಎಂದು ಕಾದೆ. ಎಲ್ಲ ಮುಗಿದಿದೆ. ಪುಸ್ತಕ ಬೇರೆ ಅಂಚೆಯಲ್ಲಿ ಬರುತ್ತಿದೆ, ಹಡಗಿನಲ್ಲಿ, ನಿನ್ನ ಕೈ ಸೇರುವಷ್ಟರಲ್ಲಿ ನಿನ್ನೂರಿನ ಹಿಮ ಕರಗಿರುತ್ತದೆ.

ಮಾರ್ಚ್ ತಿಂಗಳ ನಡುವೆ ಕೊನೆಯ ಅಭ್ಯಾಸ ಇತ್ತು, ಅದೇ ಬಯಲು ಗುಡ್ಡದ ಮೇಲೆ. ಮೇಜರ್ ಮತ್ತೆ ಮನೆಗೆ ಬಂದರು, ಈ ಸಲ ಕೂರಲೂ ಇಲ್ಲ. "ಶನಿವಾರ ಬೆಳಗ್ಗೆ ಒಂದು ಸಲ ನೀವೇ ನಿಮ್ಮ ಹಳೇ ಕುರ್ಚೀಲಿ ಕೂತು ತಂಡಗಳನ್ನ ಕರೀಬೇಕು. ನಿಯಮದ ಪ್ರಕಾರ ಆಗಲ್ಲ. ಆದ್ರೆ ಮುಚ್ಚಿಹೋಗ್ತಿರೋ ತುಕಡೀನ ಇನ್ನೇನು ಮಾಡ್ತಾರೆ, ಮತ್ತೆ ಮುಚ್ತಾರಾ?" ಎಂದರು. ಬ್ಯಾಂಕಿನವರ ಬಾಯಲ್ಲಿ ತಮಾಷೆ ಕೇಳಿದ್ದು ಅದೇ ಮೊದಲು, ಒಪ್ಪಿಕೊಂಡೆ.

ಗುಡ್ಡದ ಕೆಳಗಿನ ಚಾಪೆಲ್‌ನ ಹಾಲಿನಲ್ಲಿ ವೈರ್‌ಲೆಸ್ ಇಟ್ಟಿದ್ದರು. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು, ಅಲ್ಲಲ್ಲಿ ಮೂಲೆಗಳಲ್ಲಿ ಹಿಮ ಉಳಿದಿತ್ತು. ಕಿವಿಗೆ ಯಂತ್ರ ಹಾಕಿಕೊಂಡೆ. ಒಂದು, ಕೇಳುತ್ತಿದೆಯೇ ಎಂದೆ, ಕೇಳುತ್ತಿದೆ ಎಂದು ಉತ್ತರ ಬಂತು. ಎರಡು. ಮೂರು ಎಂದಾಗ ಸೆತ್‌ನ ದನಿ, ಕೇಳುತ್ತಿದೆ ಎಂದಷ್ಟೇ, ಅವನು ನನ್ನ ಜೊತೆ ಮಾತು ಬಿಟ್ಟಿದ್ದನಲ್ಲ. ನಾನು ಮುಂದುವರಿಸಿದೆ.

"ನಾಲ್ಕು, ಕೇಳುತ್ತಿದೆಯೇ?"

ಮೇಜರ್ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ವೈರ್‌ಲೆಸ್ಸಿನಲ್ಲಿ ಬರಿಯ ಗಾಳಿಯ ಸದ್ದು. ನಮ್ಮ ಕ್ರಮ ನಿನಗೆ ಗೊತ್ತು, ಉತ್ತರ ಬರದಿದ್ದರೆ ಎರಡನೇ ಸಲ ಕರೆಯಬೇಕು, ಆಗಲೂ ಬರದಿದ್ದರೆ ಉತ್ತರವಿಲ್ಲ ಎಂದು ಹೇಳಿ ಮುಂದಿನವರಿಗೆ ಹೋಗಬೇಕು. ಉತ್ತರವಿಲ್ಲ ಎನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಎರಡನೇ ಸಲ ಕರೆದೆ.

ಆಮೇಲೆ ಒಂದು ದನಿ ಬಂತು. ತುಂಬ ಓದಿದ, ಸಭೆಗಳಲ್ಲಿ ಮಾತಾಡಿ ಅಭ್ಯಾಸವಾದ ದನಿ.

"ನಾಲ್ಕು. ಚೆನ್ನಾಗಿ ಕೇಳ್ತಿದೆ."

ಪೆಂಬರ್ಟನ್ ಸಾಹೇಬರು. ಆರನೇ ತಂಡದಲ್ಲಿದ್ದವರು, ತಮ್ಮ ಸಾರ್ಜೆಂಟ್ ಹಾಕಿದ ನಿಷೇಧ ಮುರಿದು, ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟುಬಿಟ್ಟಿದ್ದರು. ನಾನು "ನಾಲ್ಕು, ಸರಿ. ಐದು?" ಎಂದು ಮುಂದೆ ಹೋದೆ. ದನಿ ಗಟ್ಟಿಯಾಗಿಯೇ ಇತ್ತು ಎಂದು ಮೇಜರ್ ಆಮೇಲೆ ಹೇಳಿದರು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಇಳಿದು ಬಂದರು. ಸೆತ್ ಪೆಂಬರ್ಟನ್ನರ ಚರ್ಮ ಸುಲಿಯುತ್ತಾನೆ ಎಂದು ಎಲ್ಲರೂ ತಟ್ಟೆ ಹಿಡಿದು ದೂರ ನಿಂತರು. ಸಾಹೇಬರು ಅಟೆನ್ಶನ್‌ನಲ್ಲಿ ನಿಂತಿದ್ದರು. ಸೆತ್ ಅವರ ಬೂಟಿನಿಂದ ತಲೆಯವರೆಗೆ ನೋಡಿದ.

"ಪೆಂಬರ್ಟನ್, ನಾಲ್ಕನೇ ತಂಡ ಅಂದ್ಮೇಲೆ ಒಬ್ಬನೇ ಇದ್ರೆ ಸಾಲಲ್ಲ. ಆರರಿಂದ ಇಬ್ಬರನ್ನ ತಗೋ. ಊಟ ಆದ್ಮೇಲೆ ಬಂದು ಕೇಬಲ್ ಎತ್ಕೊಂಡು ಹೋಗು."

"ಆಗ್ಲಿ, ಸಾರ್ಜೆಂಟ್."

"ಇನ್ನೊಂದು. ಆ ನಂಬರಿನೋರು ಚಹಾ ಬಂದಿಲ್ಲ ಅಂತ ದೂರು ಕೊಡೋದು ಪದ್ಧತಿ. ಮಧ್ಯಾಹ್ನ ಕರೆದಾಗ ಮರೀಬೇಡ."

ಸಾಹೇಬರು ಮರೆಯಲಿಲ್ಲ. ಅವರಿಗೆ ತಮಾಷೆ ಮಾಡಲು ಬರುವುದಿಲ್ಲ, ಇಲಾಖೆಗೆ ಅರ್ಜಿ ಸಲ್ಲಿಸುವ ಹಾಗೆ ಹೇಳಿದರು. ಗುಡ್ಡದ ಮೇಲಿದ್ದವರೆಲ್ಲ ನಗುವುದು ನನಗೆ ಯಂತ್ರದಲ್ಲಿ ಕೇಳಿಸಿತು. ಆಗ ಅತ್ತೆ ನೋಡು, ಚೆನ್ನಾಗಿ ಅತ್ತೆ. ಮೇಜರ್ ಕಿಟಕಿಯಿಂದ ಹಿಮ ನೋಡುತ್ತಾ ನಿಂತರು, ಒಳ್ಳೆಯ ಮನುಷ್ಯ.

ಆ ಸಂಜೆ, ಪುಸ್ತಕ ಅಚ್ಚು ಹಾಕಿಸುವ ಹೊಣೆ ಹೊತ್ತಿದ್ದ ಪೆಂಬರ್ಟನ್ ನನ್ನ ಹತ್ತಿರ ಬಂದರು. "ಮಿಸೆಸ್ ಥಾರ್ಪ್, ಐವತ್ತೊಂಬತ್ತರ ಹಾಳೆ ಮಾತ್ರ ನಾನು ಮುದ್ರಕನಿಗೆ ಕೊಟ್ಟಿಲ್ಲ. ಅರ್ಧಕ್ಕೇ ನಿಂತಿದೆ. ಅದನ್ನ ಪೂರ್ತಿ ಮಾಡ್ತೀರಾ? ನಾರ್ಮನ್ ಬಗ್ಗೆ." ನನ್ನ ಮಗನ ಹೆಸರನ್ನು ಆ ತುಕಡಿಯಲ್ಲಿ ಮೊದಲು ಹೇಳಿದವರು, ಅವನು ನಮ್ಮವನಲ್ಲ ಎನ್ನುವ ಕಾಗದಕ್ಕೆ ಸಹಿ ಹಾಕಿದವರೇ. ಅವರ ಮೇಲೆ ನನಗಿದ್ದ ಬೇಸರವೆಲ್ಲ ಅಲ್ಲಿಗೆ ಮುಗಿಯಿತು.

ಬರೆದೆ. ಹಲಗೆಯಲ್ಲಿ ಯುದ್ಧದವರದಷ್ಟೇ ಇರುತ್ತದೆ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಅದು ಈಗ ಚರ್ಚಿಗೆ ಹೋಗಿದೆ. ಪುಸ್ತಕದಲ್ಲಿ ಮಾತ್ರ ಹೀಗಿದೆ: ಆ ವರ್ಷ ಫೆಬ್ರವರಿಯಲ್ಲಿ ನಾಲ್ಕನೇ ತಂಡದ ಕಾರ್ಪೋರಲ್ ನಾರ್ಮನ್ ಥಾರ್ಪ್, ಗುಡ್ಡದ ಹೊಲಮನೆಯೊಂದರ ಕೆಟ್ಟ ಲೈನನ್ನು ಯಾರೂ ಹೇಳದೆ ಸರಿಮಾಡಿ, ಕಂಬದಿಂದ ಬಿದ್ದು ತೀರಿಕೊಂಡನು. ಲೈನ್ ಸರಿಯಾಗಿತ್ತು. ಇದಕ್ಕಿಂತ ಹೆಚ್ಚು ಬರೆದಿದ್ದರೆ ಅವನೇ ನಗುತ್ತಿದ್ದ.

ಮಾರ್ಚ್ ಕೊನೆಯ ಸಂಜೆ ಬಾವುಟ ಇಳಿಸಿದರು. ಸೆತ್ ಮಾಸ್‌ಬರಿಗೆ ಸೇರುವುದಿಲ್ಲವಂತೆ, ಪೆಂಬರ್ಟನ್ ಸೇರುತ್ತಾರಂತೆ. ಅಲ್ಲಿ ತಮ್ಮನ್ನು ಬೈಯುವವರು ಯಾರು ಎನ್ನುವುದೇ ಅವರ ಚಿಂತೆ.

ನಿನ್ನ ಮಕ್ಕಳು ಮೊಮ್ಮಕ್ಕಳೆಲ್ಲ ತಂಪಾಗಿ ಬಾಳಲಿ. ಚಿಕ್ಕವಳಿಗೆ ಹಲ್ಲು ಬಂತೆಂದು ಬರೆದಿದ್ದೆ, ಕಚ್ಚಲು ಕಲಿಸಬೇಡ, ನಿನ್ನ ಮನೆಯಲ್ಲಿ ಕಚ್ಚುವವಳು ಒಬ್ಬಳೇ ಸಾಕು. ದೇವರು ನಿನಗೆ ಒಳ್ಳೆಯ ಮೊಣಕಾಲುಗಳನ್ನು ಕೊಟ್ಟಿರಲಿ.

ಎಂದೆಂದಿಗೂ ನಿನ್ನ,
ಹೆಟ್ಟಿ

ಇನ್ನೊಂದು ಮಾತು. ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ತೆಗೆದಿದ್ದೇನೆ. ಕೊನೆಯ ದಿನ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಸೆತ್ ನನ್ನನ್ನು ಪಕ್ಕಕ್ಕೆ ಕರೆದು, "ಅವತ್ತು ಫೋನಲ್ಲಿ ನಿಮ್ಮ ದನಿ ಗುರುತು ಸಿಕ್ತು, ಸಾರ್ಜೆಂಟಮ್ಮಾ. ನನ್ನ ಕೈಲಿ ಹೇಳೋಕಾಗ್ಲಿಲ್ಲ" ಎಂದ. ನನಗೆ ಗೊತ್ತು ಎಂದೆ. ಇದನ್ನು ನಿನಗೂ ನಾನು ಹೇಳಿರಲಿಲ್ಲ. ಆ ಭಾನುವಾರ ನಾನು ಬೋರ್ಡಿನ ಮುಂದೆ ಇದ್ದೆ. ಆ ಹೊಲಮನೆಯ ನಂಬರು ಶುಕ್ರವಾರದಿಂದ ಸತ್ತಿತ್ತು. ಊಟದ ಹೊತ್ತಿಗೆ ಅದರ ದೀಪ ಹೊತ್ತಿಕೊಂಡಿತು. ಸತ್ತ ಲೈನಿನ ದೀಪ ಹೊತ್ತಿದರೆ ಎಷ್ಟು ಖುಷಿಯಾಗುತ್ತದೆ ಎಂದು ನಿನಗಲ್ಲದೆ ಇನ್ಯಾರಿಗೆ ಗೊತ್ತು. ಯಾವ ಪುಣ್ಯಾತ್ಮ ಭಾನುವಾರವೂ ಇದನ್ನು ಸರಿಮಾಡಿದನೋ ಎಂದುಕೊಂಡು ಪ್ಲಗ್ ಹಾಕಿ, ಯಾವ ನಂಬರು ಬೇಕು ಎಂದೆ. ಆ ಕಡೆ ಸೆತ್. ಆಂಬ್ಯುಲೆನ್ಸ್ ಎಂದ. ಯಾರಿಗೆ ಏನಾಯ್ತು ಸೆತ್ ಎಂದೆ. ನಮ್ಮ ಹುಡುಗನೊಬ್ಬ ಬಿದ್ದಿದ್ದಾನೆ ಎಂದ. ನಾನು ಲೈನ್ ಕೊಟ್ಟೆ. ಅಯ್ಯೋ ಪಾಪ, ಯಾರ ಮಗನೋ, ಸಂಜೆ ನಾರ್ಮನ್ ಮನೆಗೆ ಬಂದ ಮೇಲೆ ಕೇಳೋಣ ಎಂದುಕೊಂಡು ಮುಂದಿನ ದೀಪಕ್ಕೆ ಕೈ ಚಾಚಿದೆ.